ಕೀರ್ತಿಶೇಷ ಡಾ. ಎಂ. ಎಚ್. ಕೃಷ್ಣ: ಚಂದ್ರವಳ್ಳಿಯ ಮಣ್ಣಿನಲ್ಲಿ ಚರಿತ್ರೆಯನ್ನು ಕಂಡ ವಿದ್ವಾಂಸರು

ಪುಣ್ಯಕ್ಷೇತ್ರವೊಂದರ ದರ್ಶನಕ್ಕೆ ಹೋದಾಗ ಆಸ್ತಿಕರಾದ ನಾವು ಮೊದಲು ಕೇಳುವುದು ಆ ಸ್ಥಳದ ಮಾಹಾತ್ಮ್ಯವನ್ನು. ಇಲ್ಲಿ ಯಾವ ಋಷಿಗಳು ತಪಸ್ಸು ಮಾಡಿದರು, ಯಾವ ಯುಗದಲ್ಲಿ ಭಗವಂತನ ಸನ್ನಿಧಾನವಾಯಿತು, ಯಾವ ತೀರ್ಥದಲ್ಲಿ ಸ್ನಾನಮಾಡಿದರೆ ಏನು ಫಲ ಎಂಬುದನ್ನು ಅರ್ಚಕರಿಂದಲೂ ಹಿರಿಯರಿಂದಲೂ ಕೇಳಿ, ಭಕ್ತಿಯಿಂದ ತಲೆಬಾಗಿ, ಪ್ರಸಾದ ಸ್ವೀಕರಿಸಿ ಮನೆಗೆ ಮರಳುತ್ತೇವೆ. ಅದೇ ಗುಡಿಯ ಅಂಗಳದಲ್ಲಿ ಎಣ್ಣೆಯ ಜಿಡ್ಡು ಹಿಡಿದು, ಅರ್ಧ ಹೂತು ನಿಂತಿರುವ ಬರಹದ ಕಲ್ಲಿನ ಕಡೆಗೆ ಮಾತ್ರ ನಮ್ಮ ದೃಷ್ಟಿ ಹೋಗುವುದು ವಿರಳ. ಆ ಕಲ್ಲಿಗೂ ಹೇಳುವುದಿದೆ. ದೇವರ ನಂದಾದೀಪಕ್ಕೆ ಯಾರು ಭೂಮಿಯನ್ನು ಬಿಟ್ಟರು, ಊರ ಕೆರೆಯನ್ನು ಯಾರು ಕಟ್ಟಿಸಿದರು, ಅಗ್ರಹಾರದಲ್ಲಿ ಎಷ್ಟು ಜನ ವಿದ್ವಾಂಸರಿಗೆ ವೃತ್ತಿ ದೊರೆಯಿತು ಎಂಬುದೆಲ್ಲ ಅದರಲ್ಲಿ ಅಡಗಿರುತ್ತದೆ. ಅಂತಹ ಕಲ್ಲುಗಳ ಮಾತನ್ನು ಆಲಿಸುವುದಕ್ಕಾಗಿಯೇ ಜೀವನವನ್ನು ಮುಡಿಪಾಗಿಟ್ಟ ಮಹನೀಯರೊಬ್ಬರನ್ನು ಈ ಲೇಖನದಲ್ಲಿ ಸ್ಮರಿಸಿಕೊಳ್ಳುವುದು ನಮ್ಮ ಉದ್ದೇಶ.

ಶಾಸನಗಳಿಗೂ ನಮಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ವಸ್ತುವನ್ನು ಇರುವಂತೆಯೇ ತಿಳಿಸುವುದು ಪ್ರಮಾಣವೆಂದೂ, ಪ್ರತ್ಯಕ್ಷ, ಅನುಮಾನ, ಆಗಮಗಳೆಂದು ಅದು ಮೂರು ವಿಧವೆಂದೂ ಶ್ರೀಮದಾಚಾರ್ಯರ ಶಾಸ್ತ್ರವನ್ನು ಬಲ್ಲ ಮಾಧ್ವ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಲೌಕಿಕ ಚರಿತ್ರೆಯ ವಿಷಯದಲ್ಲಿ ಕಣ್ಣಿಗೆ ಕಾಣುವ ಕಲ್ಲು ಮತ್ತು ಅದರಿಂದ ಮಾಡುವ ಊಹೆ ಎಷ್ಟು ಉಪಕಾರ ಮಾಡಬಲ್ಲವು ಎಂಬುದಕ್ಕೆ ನಮ್ಮ ಪರಂಪರೆಯಲ್ಲೇ ದೃಷ್ಟಾಂತವಿದೆ. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀ ನರಹರಿತೀರ್ಥರು ಕಳಿಂಗದೇಶದಲ್ಲಿದ್ದ ಕಾಲದ ಶಾಸನಗಳು ಶ್ರೀಕೂರ್ಮ ಮತ್ತು ಸಿಂಹಾಚಲ ಕ್ಷೇತ್ರಗಳಲ್ಲಿ ದೊರೆತಿವೆ. ಅವರು ಶ್ರೀಕೂರ್ಮದಲ್ಲಿ ಯೋಗಾನಂದ ನರಸಿಂಹನ ಗುಡಿಯನ್ನು ಕಟ್ಟಿಸಿದ ಸಂಗತಿಯನ್ನು 1281ರ ಶಾಸನವು ತಿಳಿಸುತ್ತದೆ. ಆಚಾರ್ಯರ ಅವತಾರವು 1199ರಲ್ಲೋ 1238ರಲ್ಲೋ ಎಂಬ ಚರ್ಚೆಯಲ್ಲಿ ವಿದ್ವಾಂಸರು ಅನೇಕರು ಎರಡನೆಯ ಪಕ್ಷವನ್ನು ಹಿಡಿಯಲು ಈ ಕಲ್ಲುಗಳೇ ಮುಖ್ಯ ಆಧಾರವಾದವು. ದೂರದ ಕಳಿಂಗದ ಕಲ್ಲು ನಮ್ಮ ಗುರುಪರಂಪರೆಗೆ ಸಾಕ್ಷಿ ನುಡಿಯಬಲ್ಲದಾದರೆ, ನಮ್ಮ ಊರಿನ ಕಲ್ಲನ್ನು ನಾವು ಕಡೆಗಣಿಸುವುದು ಯುಕ್ತವೆ?

ಚಿತ್ರದುರ್ಗವೆಂದೊಡನೆ ಎಲ್ಲರ ಮನಸ್ಸಿಗೆ ಬರುವುದು ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ. ಪಾಳೆಯಗಾರರ ಆ ಚರಿತ್ರೆಯನ್ನು ಎಂ. ಎಸ್. ಪುಟ್ಟಣ್ಣನವರು ಪುಸ್ತಕರೂಪದಲ್ಲಿ ಕೊಟ್ಟರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಇತಿಹಾಸದ ಸಂಶೋಧನೆಯನ್ನೇ ವ್ರತವಾಗಿ ಕೈಗೊಂಡರು. ಆದರೆ ಈ ಸೀಮೆಯ ಬಾಳು ಪಾಳೆಯಗಾರರಿಂದ ಆರಂಭವಾದುದಲ್ಲ. ಕೋಟೆ ಎದ್ದುದಕ್ಕಿಂತ ಸಾವಿರಾರು ವರ್ಷಗಳ ಮುಂಚೆಯೇ ಇಲ್ಲಿ ಜನರು ಊರು ಕಟ್ಟಿ, ಕೆರೆ ಕಟ್ಟಿ, ದೂರದೇಶಗಳೊಡನೆ ವ್ಯಾಪಾರ ನಡೆಸಿ ಬಾಳಿದ್ದರು ಎಂಬುದನ್ನು ನೆಲವನ್ನು ಅಗೆದು ತೋರಿಸಿದವರಲ್ಲಿ ಅಗ್ರಗಣ್ಯರು ಡಾ. ಎಂ. ಎಚ್. ಕೃಷ್ಣ ಅವರು.

ಮೈಸೂರು ಹಟ್ಟಿ ಕೃಷ್ಣ ಅಯ್ಯಂಗಾರ್ ಎಂಬುದು ಅವರ ಪೂರ್ಣ ನಾಮಧೇಯ. 1892ರಲ್ಲಿ ಮೈಸೂರಿನ ಶ್ರೀವೈಷ್ಣವ ಮನೆತನವೊಂದರಲ್ಲಿ ಅವರ ಜನನವಾಯಿತು. ಸರಿಸುಮಾರು ಅದೇ ಸಮಯದಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳನ್ನು ಪತ್ತೆಹಚ್ಚಿದ್ದರು. ಮಗುವಾಗಿದ್ದ ಕೃಷ್ಣರು ಮುಂದೆ ಅದೇ ಬ್ರಹ್ಮಗಿರಿಯ ತಪ್ಪಲನ್ನು ಅಗೆದು ಕೀರ್ತಿಶಾಲಿಗಳಾಗುವರೆಂದು ಆಗ ಯಾರು ತಾನೆ ಊಹಿಸಿದ್ದಾರು!

ಮೈಸೂರು ಸಂಸ್ಥಾನದಲ್ಲಿ ಪ್ರಾಚ್ಯವಸ್ತು ಸಂಶೋಧನೆಗೆ ಒಳ್ಳೆಯ ಪರಂಪರೆಯಿತ್ತು. 1885ರಲ್ಲಿ ಸ್ಥಾಪಿತವಾದ ಇಲಾಖೆಯನ್ನು ರೈಸ್ ಅವರು ಬೆಳೆಸಿದರು. ಅವರ ತರುವಾಯ ಆರ್. ನರಸಿಂಹಾಚಾರ್ಯರೂ, ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿಕೊಟ್ಟ ಆರ್. ಶಾಮಾಶಾಸ್ತ್ರಿಗಳೂ ಅದರ ಹೊಣೆಯನ್ನು ಹೊತ್ತರು. ಇವರೆಲ್ಲರೂ ಶಾಸನಪಾಠದಲ್ಲಿ, ಗ್ರಂಥಸಂಪಾದನೆಯಲ್ಲಿ ಅದ್ವಿತೀಯರು. ಕೃಷ್ಣರು ಈ ಹಿರಿಯರ ದಾರಿಯಲ್ಲೇ ನಡೆದರೂ ಇನ್ನೊಂದು ವಿದ್ಯೆಯನ್ನೂ ಸಂಪಾದಿಸಿದರು. ಅವರು ಲಂಡನ್ನಿಗೆ ತೆರಳಿ ಅಲ್ಲಿನ ವಿಶ್ವವಿದ್ಯಾನಿಲಯದ ಡಿ.ಲಿಟ್. ಪದವಿಯನ್ನು ಪಡೆದರು. ನಾಣ್ಯಶಾಸ್ತ್ರದಲ್ಲಿ ಅವರಿಗೆ ವಿಶೇಷವಾದ ಪರಿಶ್ರಮವಿತ್ತು. ಸ್ವದೇಶಕ್ಕೆ ಮರಳಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಶಾಮಾಶಾಸ್ತ್ರಿಗಳ ನಿವೃತ್ತಿಯ ನಂತರ ಪ್ರಾಚ್ಯ ಸಂಶೋಧನೆಯ ಇಲಾಖೆಯ ನಿರ್ದೇಶಕರೂ ಆದರು. ಒಂದು ಕಡೆ ಮಹಾರಾಜಾ ಕಾಲೇಜಿನ ಪಾಠ, ಇನ್ನೊಂದು ಕಡೆ ಸಂಸ್ಥಾನದ ಊರೂರುಗಳ ಸಂಚಾರ. ಎರಡನ್ನೂ ಅವರು ಸರಿದೂಗಿಸಿಕೊಂಡು ಹೋದರು.

ನಿರ್ದೇಶಕರಾದ ಹೊಸದರಲ್ಲಿಯೇ ಅವರ ದೃಷ್ಟಿ ಚಂದ್ರವಳ್ಳಿಯ ಮೇಲೆ ಬಿತ್ತು. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಗುಡ್ಡಗಳ ನಡುವೆ ಇರುವ ರಮ್ಯವಾದ ಕಣಿವೆ ಅದು. ಅಂಕಲಿ ಮಠದ ಗುಹೆಗಳೂ ಭೈರವೇಶ್ವರನ ಗುಡಿಯೂ ಕೆರೆಯೂ ಅಲ್ಲಿವೆ. ಮಳೆ ಹೊಯ್ದಾಗ ಅಲ್ಲಿಯ ಮಣ್ಣಿನಲ್ಲಿ ಸೀಸದ ನಾಣ್ಯಗಳು ಮೇಲೇಳುತ್ತಿದ್ದುವು. ನರಸಿಂಹಾಚಾರ್ಯರು 1909ರ ಸುಮಾರಿನಲ್ಲಿ ಅಲ್ಲಿ ಶೋಧನೆ ನಡೆಸಿ, ಇದು ಹಳೆಯ ಪಟ್ಟಣದ ನಿವೇಶನವೆಂದು ಗುರುತಿಸಿದ್ದರು. ಕೃಷ್ಣರು 1929ರಲ್ಲಿ ಕ್ರಮಬದ್ಧವಾದ ಉತ್ಖನನವನ್ನೇ ಆರಂಭಿಸಿದರು.

ಉತ್ಖನನವೆಂದರೆ ನಿಧಿಗಾಗಿ ಗುಂಡಿ ತೋಡುವುದಲ್ಲ. ನೆಲವು ಪದರ ಪದರವಾಗಿ ಬೆಳೆಯುತ್ತದೆ. ಒಂದು ಮನೆ ಬಿದ್ದರೆ ಅದರ ಮೇಲೆ ಮಣ್ಣು ಕೂಡಿ, ಆ ಮಣ್ಣಿನ ಮೇಲೆ ಇನ್ನೊಂದು ಪೀಳಿಗೆಯವರು ಮನೆ ಕಟ್ಟುತ್ತಾರೆ. ಆದ್ದರಿಂದ ಕೆಳಗಿನ ಪದರ ಹಿಂದಿನದು, ಮೇಲಿನದು ಈಚಿನದು. ಯಾವ ಮಡಕೆಯ ಚೂರು ಎಷ್ಟು ಆಳದಲ್ಲಿ ಸಿಕ್ಕಿತು, ಅದರ ಜೊತೆಗೆ ಯಾವ ನಾಣ್ಯವಿತ್ತು, ಯಾವ ಅಳತೆಯ ಇಟ್ಟಿಗೆಯಿತ್ತು ಎಂದು ಬರೆದಿಟ್ಟುಕೊಂಡರೆ ಮಾತ್ರ ಅಗೆದುದು ಸಾರ್ಥಕ. ಹಾಗೆ ಬರೆದಿಡದೆ ಅಗೆದರೆ ಪುಸ್ತಕವನ್ನು ಓದುತ್ತ ಓದುತ್ತ ಪುಟಗಳನ್ನು ಸುಟ್ಟಂತೆಯೇ ಸರಿ. ಕೃಷ್ಣರು ಒಡೆದ ಮಡಕೆಯ ಚೂರನ್ನೂ ಬಂಗಾರದ ನಾಣ್ಯದಷ್ಟೇ ಆದರದಿಂದ ಕಂಡರು. ಚಂದ್ರವಳ್ಳಿಯ ಉತ್ಖನನದ ವಿವರವು 1929ರ ವರದಿಯ ಅನುಬಂಧವಾಗಿ ಪ್ರತ್ಯೇಕವಾಗಿ ಅಚ್ಚಾಯಿತು.

ಈ ಕಣಿವೆಯಲ್ಲಿ ಶಾತವಾಹನರ ಕಾಲದ ಪಟ್ಟಣವಿತ್ತೆಂಬುದು ಇದರಿಂದ ಸ್ಥಿರಪಟ್ಟಿತು. ಶಾತವಾಹನರ ನಾಣ್ಯಗಳಲ್ಲದೆ, ಅವರ ಅಧೀನದಲ್ಲಿ ಈ ಭಾಗವನ್ನು ಆಳುತ್ತಿದ್ದ ಮಹಾರಠಿಗಳ ಸೀಸದ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ದೊರೆತಿವೆ. ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಸಹ ಅಲ್ಲಿ ಸಿಕ್ಕಿವೆಯೆಂದರೆ, ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ದುರ್ಗದ ಸಂತೆಗೂ ಸಮುದ್ರದಾಚೆಯ ಸಾಮ್ರಾಜ್ಯಕ್ಕೂ ಇದ್ದ ನಂಟನ್ನು ಊಹಿಸಿಕೊಳ್ಳಬಹುದು. ಕರಾವಳಿಯ ರೇವುಗಳಿಂದ ಕೈಯಿಂದ ಕೈಗೆ ಸಾಗಿ ಬಂದ ಹಣವು ಈ ಒಣನಾಡಿನ ನಡುಮಧ್ಯದ ಕಣಿವೆಯನ್ನು ಮುಟ್ಟಿತ್ತು.

ಕೃಷ್ಣರಿಗೆ ಇಲ್ಲಿಯೇ ಇನ್ನೊಂದು ಮಹತ್ತರವಾದ ವಸ್ತು ದೊರೆಯಿತು. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಕಿರಿಯ ಶಾಸನ ಅದು. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಹೆಸರು ಅದರಲ್ಲಿದೆ. ಅವನು ಕೆರೆಯನ್ನು ಮಾಡಿಸಿದ ಸಂಗತಿ ಅದರಲ್ಲಿದೆ. ಮಯೂರಶರ್ಮನ ವೃತ್ತಾಂತವನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದಿಂದ ವಿದ್ವಾಂಸರು ಮುಂಚೆಯೇ ಅರಿತಿದ್ದರು. ಮಾನವ್ಯಗೋತ್ರದ ಆ ಬ್ರಾಹ್ಮಣಕುಮಾರನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನದ ಪೂರ್ತಿಗಾಗಿ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದುದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಕಲಹವಾಗಿ ಅವಮಾನಪಟ್ಟುದು, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದುದು ಇವೆಲ್ಲವನ್ನೂ ತಾಳಗುಂದದ ಕವಿ ವರ್ಣಿಸಿದ್ದಾನೆ. ಆದರೆ ಅದು ಮಯೂರಶರ್ಮನ ಸಂತತಿಯವರು ಕೆತ್ತಿಸಿದ ಪ್ರಶಸ್ತಿ. ಚಂದ್ರವಳ್ಳಿಯ ಬಂಡೆಯಾದರೋ ಮಯೂರಶರ್ಮನ ಕಾಲದ್ದೇ ಎಂಬುದು ಕೃಷ್ಣರ ನಿರ್ಣಯ. ಕನ್ನಡನಾಡಿನ ಮೊದಲ ಅರಸುಮನೆತನದ ಸ್ಥಾಪಕನು ಕೆರೆಯ ಪುಣ್ಯಕಾರ್ಯದೊಂದಿಗೆ ನಮ್ಮ ಜಿಲ್ಲೆಯ ಬಂಡೆಯ ಮೇಲೆ ಕಾಣಿಸಿಕೊಂಡದ್ದು ನಾಡಿಗೆಲ್ಲ ಸಂತೋಷದ ಸುದ್ದಿಯಾಯಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬಂಡೆ ಬಹಳ ಸವೆದುದು, ಅಕ್ಷರಗಳು ಮಸುಕಾದುವು. ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ ಎಂಬ ರಾಜ್ಯಗಳನ್ನು ಮಯೂರಶರ್ಮನು ಗೆದ್ದನೆಂದು ಕೃಷ್ಣರು ಓದಿದರು. ಶಾಸನದ ಕಾಲ ಸುಮಾರು 258 ಎಂದೂ ಊಹಿಸಿದರು. ಮುಂದಿನ ವಿದ್ವಾಂಸರು ಇವೆರಡನ್ನೂ ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಮಯೂರಶರ್ಮನು ನಾಲ್ಕನೆಯ ಶತಮಾನದ ಮಧ್ಯಭಾಗದವನೆಂಬುದೇ ಈಗ ಬಹುಮತ. ಉತ್ತರದ ಅಷ್ಟೊಂದು ರಾಜ್ಯಗಳ ಹೆಸರು ಆ ಬಂಡೆಯ ಮೇಲೆ ನಿಜವಾಗಿಯೂ ಇವೆಯೇ ಎಂಬ ಸಂಶಯವೂ ತಲೆದೋರಿ, ಬೇರೆ ಪಾಠಗಳು ಸೂಚಿತವಾದುವು.

ಹಾಗಾದರೆ ಕೃಷ್ಣರ ಶ್ರಮ ವ್ಯರ್ಥವಾಯಿತೆ? ಎಂದಿಗೂ ಇಲ್ಲ. ತಾವು ಓದಿದ ಪಾಠದೊಡನೆ ಅದರ ಅರ್ಥವನ್ನೂ ಊಹೆಗೆ ಕಾರಣಗಳನ್ನೂ ಅವರು ಮುಂದಿಟ್ಟರು. ಆದ್ದರಿಂದಲೇ ಇತರರು ಅದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಪೂರ್ವಪಕ್ಷವನ್ನು ಸ್ಪಷ್ಟವಾಗಿ ನಿರೂಪಿಸದೆ ಸಿದ್ಧಾಂತಕ್ಕೆ ದಾರಿಯಿಲ್ಲವೆಂಬುದನ್ನು ವಾಕ್ಯಾರ್ಥಸಭೆಗಳನ್ನು ಕಂಡ ನಮ್ಮವರು ಚೆನ್ನಾಗಿ ಬಲ್ಲರು. ತನ್ನ ಮಾತೇ ಕಡೆಯ ಮಾತೆಂದು ಮುಚ್ಚಿಡುವವನಿಗಿಂತ, ತಿದ್ದುವುದಕ್ಕೆ ಅವಕಾಶವಿರುವಂತೆ ಬಿಚ್ಚಿಡುವವನೇ ವಿದ್ಯೆಗೆ ಹೆಚ್ಚಿನ ಸೇವೆ ಮಾಡಿದಂತೆ. ಬಂಡೆಯನ್ನು ಮೊದಲು ಕಂಡು ಲೋಕದ ಮುಂದಿಟ್ಟ ಪುಣ್ಯ ಮಾತ್ರ ಕೃಷ್ಣರದೇ.

1936ರಲ್ಲಿ ಅವರಿಗೆ ಇನ್ನೂ ಹೆಚ್ಚಿನ ಯಶಸ್ಸು ಕಾದಿತ್ತು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಸಣ್ಣ ಗ್ರಾಮದಲ್ಲಿ ಹದಿನಾರು ಸಾಲುಗಳ ಶಾಸನವೊಂದನ್ನು ಅವರು ಬೆಳಕಿಗೆ ತಂದರು. ಕದಂಬ ಕಾಕುಸ್ಥನ ಹೆಸರುಳ್ಳ ಈ ಶಾಸನವನ್ನು ಸುಮಾರು 450ರದೆಂದು ಎಣಿಸಿ, ಪೂರ್ಣಪ್ರಮಾಣದ ಕನ್ನಡ ಶಾಸನಗಳಲ್ಲಿ ಅತಿ ಪ್ರಾಚೀನವೆಂದು ಬಹುಕಾಲ ಮನ್ನಿಸಲಾಯಿತು. ಅದರ ಕಾಲದ ವಿಷಯದಲ್ಲಿಯೂ ಚರ್ಚೆಗಳಿವೆ. ಆದರೂ ಕನ್ನಡದ ಹಳಮೆಯನ್ನು ಹೇಳುವಾಗ ಹಲ್ಮಿಡಿಯ ಹೆಸರನ್ನೆತ್ತದವರಿಲ್ಲ. ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಶಾಸನವು ಆರಂಭವಾಗುವುದು ಶಾರ್ಙ್ಗಧರನಾದ ಅಚ್ಯುತನ ಸ್ತುತಿಯಿಂದ. ಕನ್ನಡದ ಅಷ್ಟು ಪುರಾತನವಾದ ಕಲ್ಲು ಶ್ರೀಹರಿಯ ಜಯಕಾರದೊಂದಿಗೆ ಬಾಯಿ ತೆರೆಯುತ್ತದೆ ಎಂಬುದನ್ನು ನೆನೆದಾಗ ಯಾವ ಭಕ್ತನ ಮನಸ್ಸು ತಾನೆ ಹಿಗ್ಗದು!

ಮತ್ತೆ ಚಿತ್ರದುರ್ಗ ಜಿಲ್ಲೆಗೆ ಬರೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿಯಲ್ಲಿ ಅಶೋಕನ ಶಾಸನವಿರುವ ಬಂಡೆಯನ್ನು ಹಳ್ಳಿಗರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನ ಮೂಲಕ ಇಸಿಲದ ಮಹಾಮಾತ್ರರಿಗೆ ಕಳುಹಿದ ಆಜ್ಞೆ ಅದರಲ್ಲಿದೆ. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಧರ್ಮವನ್ನು ಅದು ಬೋಧಿಸುತ್ತದೆ. ಆ ಇಸಿಲ ಪಟ್ಟಣ ಎಲ್ಲಿತ್ತು? ಕೃಷ್ಣರು 1940ರಿಂದ ಬ್ರಹ್ಮಗಿರಿಯ ತಪ್ಪಲಿನಲ್ಲಿ ಅಗೆತ ನಡೆಸಿ, ಆ ಪಟ್ಟಣದ ನಿವೇಶನ ಇದೇ ಎಂದು ತೋರಿಸಿದರು. ಅಶೋಕನ ಕಾಲಕ್ಕಿಂತ ಬಹಳ ಹಿಂದೆ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನ, ಅನಂತರ ಕಬ್ಬಿಣವನ್ನು ಬಲ್ಲ ಜನ, ಮೌರ್ಯರು, ಶಾತವಾಹನರು, ಅವರಾದ ಮೇಲೆ ಚಾಲುಕ್ಯ ಹೊಯ್ಸಳರ ಕಾಲದವರು ಹೀಗೆ ಒಂದೇ ನೆಲದಲ್ಲಿ ಪೀಳಿಗೆಯ ಮೇಲೆ ಪೀಳಿಗೆ ಬಾಳಿದುದನ್ನು ಅಲ್ಲಿಯ ಪದರಗಳು ಹೇಳಿದುವು.

ಸಮೀಪದ ಜಟಿಂಗ ರಾಮೇಶ್ವರದ ಬೆಟ್ಟವೂ ಸ್ಮರಣೀಯವಾದುದು. ಸೀತಾಮಾತೆಯನ್ನು ರಾವಣನಿಂದ ಬಿಡಿಸಲು ಹೋರಾಡಿದ ಜಟಾಯು ಬಿದ್ದ ಸ್ಥಳ ಇದೆಂದೂ, ಶ್ರೀರಾಮನು ಇಲ್ಲಿ ಲಿಂಗವನ್ನು ಪ್ರತಿಷ್ಠಿಸಿದನೆಂದೂ ಸ್ಥಳಪುರಾಣ. ಅದೇ ಬೆಟ್ಟದ ಮೇಲೆ ಅಶೋಕನ ಶಾಸನವೂ ಇದೆ. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು ಬಂದಿತು. ಜನರ ಓಡಾಟದಿಂದಲೇ ಅಕ್ಷರಗಳು ಬಹಳವಾಗಿ ನಷ್ಟವಾದುವು. ಪುರಾಣವನ್ನು ನಂಬಿ ಬಂದ ಭಕ್ತರು ತಾವರಿಯದೆಯೇ ಚರಿತ್ರೆಯನ್ನು ತುಳಿದರು. ಯಾರಲ್ಲಿಯೂ ದುರುದ್ದೇಶವಿರಲಿಲ್ಲ, ಇದ್ದುದು ತಿಳಿವಳಿಕೆಯ ಕೊರತೆ ಮಾತ್ರ.

ನಿರ್ದೇಶಕರಾಗಿದ್ದ ಕಾಲದಲ್ಲಿ ಕೃಷ್ಣರು ಹೊರತಂದ ವಾರ್ಷಿಕ ವರದಿಗಳು ಇಂದಿಗೂ ಸಂಶೋಧಕರ ನಿತ್ಯೋಪಯೋಗದ ಗ್ರಂಥಗಳು. ದೇವಾಲಯಗಳ ವಿನ್ಯಾಸ, ಮೂರ್ತಿಗಳ ಲಕ್ಷಣ, ನಾಣ್ಯಗಳ ವಿವರ, ಹೊಸ ಶಾಸನಗಳ ಮೂಲಪಾಠ ಮತ್ತು ಅನುವಾದ ಇವೆಲ್ಲ ಅವುಗಳಲ್ಲಿ ಕ್ರಮವಾಗಿ ದೊರೆಯುತ್ತವೆ. ವೈಷ್ಣವ, ಶೈವ, ಜೈನ, ಬೌದ್ಧ ಎಂಬ ಭೇದವೆಣಿಸದೆ ಎಲ್ಲ ಗುಡಿಗಳನ್ನೂ ಎಲ್ಲ ಕಲ್ಲುಗಳನ್ನೂ ಒಂದೇ ಶ್ರದ್ಧೆಯಿಂದ ಅವರು ದಾಖಲಿಸಿದರು.

1947ರಲ್ಲಿ ಭಾರತ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಪುನಃ ಉತ್ಖನನ ನಡೆಸಿದರು. ಅದಕ್ಕೆ ಎರಡು ವರ್ಷ ಮೊದಲು ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅವರಿಗೆ ರೋಮನ್ ವ್ಯಾಪಾರದ ಕುರುಹುಗಳು ದೊರೆತಿದ್ದುವು. ಅಂತಹುದೇ ಮಡಕೆಗಳು ನಮ್ಮ ಜಿಲ್ಲೆಯಲ್ಲಿಯೂ ದೊರೆತುದರಿಂದ ದಕ್ಷಿಣಭಾರತದ ಪ್ರಾಚೀನ ಚರಿತ್ರೆಗೆ ಕಾಲಗಣನೆಯ ಗಟ್ಟಿಯಾದ ಚೌಕಟ್ಟು ಲಭಿಸಿತು. ಕೃಷ್ಣರು ಮೊದಲು ಅಗೆದು ತೋರಿಸಿದ ಎರಡು ನಿವೇಶನಗಳೇ ಈ ಕಾರ್ಯಕ್ಕೆ ಆಧಾರವಾದುವು ಎಂಬುದು ಸಾಮಾನ್ಯ ಗೌರವವಲ್ಲ. ಆದರೆ ಅದೇ 1947ರಲ್ಲಿ, ಐವತ್ತೈದರ ವಯಸ್ಸಿನಲ್ಲಿಯೇ, ಕೃಷ್ಣರು ಕೀರ್ತಿಶೇಷರಾದರು. ತಾವು ಬಿತ್ತಿದ ಬೀಜ ಫಲಕೊಟ್ಟುದನ್ನು ಪೂರ್ತಿಯಾಗಿ ನೋಡುವ ಯೋಗ ಅವರಿಗೆ ಒದಗಲಿಲ್ಲ.

ಮಹನೀಯರ ಜೀವನವನ್ನು ಓದಿ ಮೆಚ್ಚಿದರಷ್ಟೇ ಸಾಲದು. ಅದರಿಂದ ನಮಗೊಂದು ಕರ್ತವ್ಯ ಗೋಚರಿಸಬೇಕು. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಯಲ್ಲಿ ಹಳೆಯ ವರ್ಣಚಿತ್ರಗಳಿವೆ. ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ಚೆನ್ನಕೇಶವನ ಪ್ರಾಚೀನ ಆಲಯವಿದೆ. ಹೊಳಲ್ಕೆರೆಯಲ್ಲಿ ಬಯಲು ಗಣಪತಿಯೂ, ಅದೇ ತಾಲ್ಲೂಕಿನ ಹೊರಕೆರೆ ದೇವರಪುರದಲ್ಲಿ ಶ್ರೀ ಲಕ್ಷ್ಮೀನರಸಿಂಹನೂ ಭಕ್ತರನ್ನು ಹರಸುತ್ತಿದ್ದಾರೆ. ಚಿತ್ರದುರ್ಗದ ಬೆಟ್ಟದ ಮೇಲಂತೂ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಗೋಪಾಲಕೃಷ್ಣರ ಸನ್ನಿಧಿಗಳು ಸಾಲಾಗಿವೆ. ಇವಲ್ಲದೆ ಹೆಸರು ತಿಳಿಯದ ಹಳ್ಳಿಯ ಗುಡಿಗಳೆಷ್ಟೋ! ಅಲ್ಲಿಯ ಬರಹದ ಕಲ್ಲುಗಳು ನಮ್ಮ ಪೂರ್ವಿಕರ ದಾನಧರ್ಮಗಳಿಗೆ ಉಳಿದಿರುವ ಸಾಕ್ಷಿಗಳು.

ಜೀರ್ಣೋದ್ಧಾರವು ಮಹಾಪುಣ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಸುವುದು, ಅಕ್ಷರಗಳ ಮೇಲೆ ಸುಣ್ಣವನ್ನೋ ಬಣ್ಣವನ್ನೋ ಬಳಿಯುವುದು, ಹೊಸ ನೆಲಗಟ್ಟಿನ ಕೆಳಗೆ ಹಳೆಯ ಬರಹವನ್ನು ಹೂಳುವುದು ಎಷ್ಟು ಮಾತ್ರಕ್ಕೂ ಸಲ್ಲದು. ದೇವರಿಗೆ ಭೂಮಿಯನ್ನು ಬಿಟ್ಟವನ ಧರ್ಮವನ್ನು ರಕ್ಷಿಸುವುದು ದಾನ ಮಾಡುವುದಕ್ಕಿಂತಲೂ ಶ್ರೇಯಸ್ಕರವೆಂದು ದಾನಶಾಸನಗಳೇ ಸಾರುತ್ತವೆ. ದಾನದ ಭೂಮಿ ಕೈಬಿಟ್ಟು ಹೋಗಿರಬಹುದು. ದಾನದ ಮಾತನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಗುಡಿಯ ಕೆಲಸಕ್ಕೆ ಕೈಹಾಕುವ ಮುನ್ನ ಅಲ್ಲಿಯ ಕಲ್ಲುಗಳನ್ನು ಬಲ್ಲವರಿಗೆ ತೋರಿಸಿ, ಛಾಯಾಚಿತ್ರ ತೆಗೆಸಿ, ಸುರಕ್ಷಿತವಾದ ಎಡೆಯಲ್ಲಿ ನಿಲ್ಲಿಸುವುದು ಕಷ್ಟದ ಕೆಲಸವೇನಲ್ಲ. ಮುಂದಿನ ಸಲ ಮಕ್ಕಳೊಡನೆ ದುರ್ಗಕ್ಕೆ ಹೋದವರು ಕೋಟೆಯನ್ನು ನೋಡಿದ ಮೇಲೆ ಚಂದ್ರವಳ್ಳಿಗೂ ಹೋಗಿ, ಭೈರವೇಶ್ವರನ ಗುಡಿಯ ಬಳಿಯ ಆ ಸವೆದ ಬಂಡೆಯ ಮುಂದೆ ಒಂದು ಕ್ಷಣ ನಿಲ್ಲಲಿ. ಕೆರೆ ಕಟ್ಟಿಸಿದ ಅರಸನನ್ನೂ, ಅವನ ಮಾತನ್ನು ಕಲ್ಲಿನಿಂದ ಬಿಡಿಸಿ ನಮಗೆ ಕೊಟ್ಟ ವಿದ್ವಾಂಸರನ್ನೂ ಒಟ್ಟಿಗೆ ನೆನೆಯಲಿ.

ಸರ್ವಪ್ರಮಾಣಗಳಿಂದ ವೇದ್ಯನಾದ ಶ್ರೀಹರಿಯು ನಮ್ಮೆಲ್ಲರಿಗೂ ಸತ್ಯವನ್ನು ಅರಸುವ ಬುದ್ಧಿಯನ್ನೂ, ಪೂರ್ವಿಕರ ಧರ್ಮವನ್ನು ಕಾಪಾಡುವ ಶಕ್ತಿಯನ್ನೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥